ತರುಣ ವಾಚಕರೇ ತೀರ್ಪುಗಾರರಾದಾಗ

ಎಳೆಯರ ಸಾಹಿತ್ಯಕ್ಕೆ ಸಲ್ಲುವ ಬಹುಮಾನಗಳನ್ನು ಯಾರು ನಿರ್ಣಯಿಸಬೇಕೆಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾಗಿ ತೋರಬಹುದು. ಆದರೆ ಈ ಸಾಹಿತ್ಯವನ್ನು ಬರೆಯುವವರು ಹಿರಿಯರು, ಪ್ರಕಟಿಸುವವರು ಹಿರಿಯರು, ಹಣ ತೆತ್ತು ಕೊಳ್ಳುವವರು ಹಿರಿಯರು. ಗುಣಾವಗುಣಗಳನ್ನು ತೂಗುವವರೂ ಸಾಮಾನ್ಯವಾಗಿ ಹಿರಿಯರೇ. ಓದುವವನೊಬ್ಬನು ಮಾತ್ರ ಎಳೆಯ. ಅವನ ಅಭಿಪ್ರಾಯವನ್ನು ಕೇಳುವ ಏರ್ಪಾಟು ಅಪರೂಪ.

ಈ ವಿಷಯದಲ್ಲಿ ದೆಹಲಿಯ ಚರಿತ್ರೆ ವಿಚಾರಾರ್ಹವಾಗಿದೆ. ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ಆರಂಭಿಸಿದ ಮಕ್ಕಳ ಸ್ಪರ್ಧೆ ಮುಂದೆ ಅಂತರರಾಷ್ಟ್ರೀಯ ಸ್ವರೂಪವನ್ನು ಪಡೆಯಿತು. 1957ರಲ್ಲಿ ಅವರೇ ಸ್ಥಾಪಿಸಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ನೆಹರೂ ಭವನದಲ್ಲಿ ಮಕ್ಕಳಿಗೆ ಪುಸ್ತಕವನ್ನೂ ವಾಚನಾಲಯವನ್ನೂ ಒದಗಿಸಿತು. ಸಾಹಿತ್ಯ ಅಕಾಡೆಮಿಯು 2010ರಿಂದ 24 ಭಾಷೆಗಳಲ್ಲಿ ಬಾಲಸಾಹಿತ್ಯ ಪುರಸ್ಕಾರವನ್ನು ನೀಡುತ್ತ ಬಂದಿದೆ. ಕನ್ನಡದಲ್ಲಿ ಮೊದಲ ವರ್ಷದ ಗೌರವವು ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯನ್ನು ಕುರಿತು ಮಕ್ಕಳಿಗಾಗಿ ಬರೆದ ಕೃತಿಗೆ ಸಂದಿತು. ಮರುವರ್ಷ ಯುವ ಪುರಸ್ಕಾರವೂ ಬಂದಿತು. ಆದರೆ ಅಲ್ಲಿ ‘ಯುವ’ ಎಂಬ ಮಾತು 35 ವರ್ಷ ಮೀರದ ಲೇಖಕನಿಗೆ ಅನ್ವಯಿಸುವುದೇ ಹೊರತು ಓದುಗನಿಗಲ್ಲ. ಇವೆಲ್ಲ ಸ್ತುತ್ಯವಾದ ಕಾರ್ಯಗಳೇ. ಆದರೂ ಈ ನಗರವು ಎಳೆಯರ ಕೈಗೆ ಕುಂಚವನ್ನು ಕೊಟ್ಟಿತು, ಲೇಖನಿಯನ್ನು ಕೊಟ್ಟಿತು, ತಕ್ಕಡಿಯನ್ನು ಮಾತ್ರ ಹಿರಿಯರ ಕೈಯಲ್ಲಿಯೇ ಉಳಿಸಿಕೊಂಡಿತು.

ತಕ್ಕಡಿಯನ್ನು ಕೊಟ್ಟು ನೋಡಿದ ದೇಶಗಳಲ್ಲಿ ಫ್ರಾನ್ಸ್ ಮುಖ್ಯವಾದುದು. ಅಲ್ಲಿ 1903ರಿಂದ ಸಲ್ಲುತ್ತಿರುವ ಗೊಂಕೂರ್ ಬಹುಮಾನವನ್ನು ಹತ್ತು ಮಂದಿ ಸಾಹಿತಿಗಳ ಅಕಾಡೆಮಿಯೊಂದು ನಿರ್ಣಯಿಸುತ್ತದೆ. 1988ರಲ್ಲಿ ಇದಕ್ಕೊಂದು ಜೊತೆ ಹುಟ್ಟಿತು. ಅಕಾಡೆಮಿ ಆರಿಸಿದ ಮೊದಲ ಪಟ್ಟಿಯ ಕಾದಂಬರಿಗಳನ್ನೇ ಸುಮಾರು 2000 ಪ್ರೌಢಶಾಲಾ ವಿದ್ಯಾರ್ಥಿಗಳು ಎರಡು ತಿಂಗಳೊಳಗೆ ಓದುವುದು, ತರಗತಿ ತರಗತಿಯಲ್ಲಿ ಚರ್ಚಿಸುವುದು, ಬಳಿಕ ತಮ್ಮ ಪ್ರತಿನಿಧಿಯನ್ನು ಕಳುಹಿಸಿ ಅಂತಿಮ ತೀರ್ಪನ್ನು ಕೊಡುವುದು: ಇದು ಅದರ ಕ್ರಮ. ಇವು ಎಳೆಯರಿಗೆಂದು ಬರೆದ ಪುಸ್ತಕಗಳಲ್ಲವೆಂಬುದನ್ನು ಗಮನಿಸಬೇಕು. ಮೊದಲ ವರ್ಷ ವಿದ್ಯಾರ್ಥಿಗಳೂ ಹಿರಿಯರೂ ಎರಿಕ್ ಓರ್ಸೆನಾ ಅವರ ಒಂದೇ ಕಾದಂಬರಿಯನ್ನು ಆರಿಸಿದರು. ಮುಂದೆ ದಾರಿಗಳು ಅನೇಕ ಸಲ ಬೇರೆಯಾದವು. 2020ರಲ್ಲಿ ಅಕಾಡೆಮಿಯು ಎರ್ವೆ ಲ ತೆಲ್ಲಿಯೆ ಅವರ ಚಮತ್ಕಾರಪೂರ್ಣವಾದ ಕಥನಕ್ಕೆ ಮನ್ನಣೆಯಿತ್ತರೆ, ವಿದ್ಯಾರ್ಥಿಗಳು ಕ್ಯಾಮರೂನಿನ ಜಾಯಿಲಿ ಅಮಾದು ಅಮಾಲ್ ಅವರ ಕೃತಿಯನ್ನು ಮೇಲೆತ್ತಿದರು. ಬಲವಂತದ ಮದುವೆಗೂ ಬಹುಪತ್ನೀತ್ವಕ್ಕೂ ಸಿಕ್ಕಿದ ಹೆಣ್ಣುಮಕ್ಕಳ ಕಥೆ ಅದು. ಹದಿನಾರು ಹದಿನೇಳರ ಪ್ರಾಯದವರು ಹಗುರವಾದುದನ್ನೇ ಬಯಸುವರೆಂಬ ಹಿರಿಯರ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ದೊರೆಯುವುದು ಕಷ್ಟ.

ಇದಕ್ಕೆ ಭಿನ್ನವಾದ ಕ್ರಮ ಮತಗಣನೆಯದು. ಇಂಗ್ಲೆಂಡಿನಲ್ಲಿ 1980ರಲ್ಲಿ ಆರಂಭವಾದ ಮಕ್ಕಳ ಆಯ್ಕೆಯ ಬಹುಮಾನವೂ, ಅಮೆರಿಕದ ಗ್ರಂಥಪಾಲಕರು ಈ ಶತಮಾನದ ಆದಿಯಲ್ಲಿ ಹದಿಹರೆಯದವರ ಮತದಿಂದ ಸಿದ್ಧಪಡಿಸತೊಡಗಿದ ಹತ್ತು ಪುಸ್ತಕಗಳ ಪಟ್ಟಿಯೂ ಈ ಬಗೆಯವು. ಮತದ ಪದ್ಧತಿಯಲ್ಲಿ ಆಗಲೇ ಹೆಸರಾದ ಪುಸ್ತಕಕ್ಕೆ ಹೆಚ್ಚು ಬಲ. ಹ್ಯಾರಿ ಪಾಟರ್ ಕಥೆಗಳು ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ಗೆದ್ದುದರಲ್ಲಿ ಆಶ್ಚರ್ಯವಿಲ್ಲ. ಫ್ರೆಂಚ್ ಕ್ರಮದಲ್ಲಿ ಓದದೆ ಮಾತಾಡುವಂತಿಲ್ಲ, ಮಾತಾಡದೆ ಆರಿಸುವಂತಿಲ್ಲ. ಭಾರತದಲ್ಲಿ ಫ್ರೆಂಚ್ ಕಲಿಯುವ ಕಾಲೇಜು ವಿದ್ಯಾರ್ಥಿಗಳೂ ಈಚೆಗೆ ತಮ್ಮದೇ ಗೊಂಕೂರ್ ಆಯ್ಕೆಯನ್ನು ಮಾಡತೊಡಗಿದ್ದಾರೆ. ಫ್ರೆಂಚ್ ಕಾದಂಬರಿಗೆ ಇಲ್ಲಿ ತರುಣ ತೀರ್ಪುಗಾರರು ದೊರೆತರು. ಕನ್ನಡ ಕಾದಂಬರಿಗೆ ದೊರೆತಿಲ್ಲ.

ದೆಹಲಿಯ ಕನ್ನಡ ಮನೆತನಗಳಿಗೆ ಈ ವ್ಯತ್ಯಾಸ ಕೇವಲ ಕುತೂಹಲದ ವಿಷಯವಲ್ಲ. ನೊಯ್ಡಾ, ಗುರುಗ್ರಾಮಗಳಲ್ಲಿ ಬೆಳೆಯುವ ಮಗು ಮನೆಯಲ್ಲಿ ಕನ್ನಡವನ್ನಾಡುತ್ತದೆ, ಅಜ್ಜಿಯ ಕಥೆಯನ್ನು ಕೇಳುತ್ತದೆ, ಪಂಜೆಯವರ ಮತ್ತು ರಾಜರತ್ನಂ ಅವರ ಶಿಶುಗೀತೆಗಳನ್ನು ಹಾಡಲೂಬಹುದು. ಹನ್ನೆರಡು ಹದಿಮೂರು ದಾಟುವ ಹೊತ್ತಿಗೆ ಅದರ ಓದು ಇಂಗ್ಲಿಷಿಗೂ ಹಿಂದಿಗೂ ಸರಿದು, ಕನ್ನಡವು ಊಟದ ಮನೆಯ ಭಾಷೆಯಾಗಿ ಉಳಿಯುತ್ತದೆ. ಭಾಷೆ ಕೈಜಾರುವುದು ಈ ಪ್ರಾಯದಲ್ಲಿಯೇ. ಹೆತ್ತವರು ಹಿತೋಪದೇಶದ ಪುಸ್ತಕವನ್ನು ಕೊಂಡುತಂದು ಮೇಜಿನ ಮೇಲಿಟ್ಟರೆ ಅದು ಅಲ್ಲಿಯೇ ಇರುತ್ತದೆ. ‘ಇದು ಚೆನ್ನಾಗಿದೆಯೆ, ಏಕಿಲ್ಲ?’ ಎಂದು ಕೇಳಿ ಉತ್ತರಕ್ಕೆ ಬೆಲೆ ಕೊಡುವೆವೆಂದರೆ ಅದು ತೆರೆದೀತು.

ತಾರುಣ್ಯಕ್ಕೆಂದೇ ಬರೆದ ಕಾದಂಬರಿಗಳು ಕನ್ನಡದಲ್ಲಿ ವಿರಳವೆಂಬ ಆಕ್ಷೇಪ ನಿಜ. ಆದರೆ ಫ್ರಾನ್ಸಿನ ನಿದರ್ಶನವು ಅದರ ಬಲವನ್ನು ತಗ್ಗಿಸುತ್ತದೆ. 1980ರಲ್ಲಿ ಪ್ರಕಟವಾದ ತೇಜಸ್ವಿಯವರ ‘ಕರ್ವಾಲೊ’ ಹದಿಹರೆಯದವರಿಗೆಂದು ಬರೆದುದಲ್ಲ; ಹಾರುವ ಓತಿಯ ಬೆನ್ನುಹತ್ತಿ ಕಾಡು ಹೊಕ್ಕ ಆ ಕಥೆಯನ್ನು ಹದಿಹರೆಯದವರು ತಮ್ಮದೆಂದೇ ಓದಿದ್ದಾರೆ.

ಹೆಚ್ಚು ತೊಡಕಾದುದು ಲಿಪಿಯ ಪ್ರಶ್ನೆ. ಆಡುವವರೆಲ್ಲರೂ ಓದಬಲ್ಲವರಲ್ಲ. ಇಲ್ಲಿ ಫ್ರೆಂಚ್ ಕ್ರಮವನ್ನು ಸ್ವಲ್ಪ ಬಾಗಿಸಿಕೊಳ್ಳಬೇಕಾದೀತು: ಬಲ್ಲವರೊಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಚರ್ಚೆಯಲ್ಲಿ ಇಬ್ಬರಿಗೂ ಸಮಾನವಾದ ಹಕ್ಕು. ಗಮಕದ ಪರಂಪರೆಯಿರುವ ನಾಡಿನವರಿಗೆ ಕೇಳಿ ತೀರ್ಮಾನಿಸುವುದು ಹೊಸದೇನಲ್ಲ. ಮತಗಣನೆಗೆ ಸಾವಿರಾರು ಮಂದಿ ಬೇಕು. ಚರ್ಚೆಗೆ ಹದಿನೈದು ಮಂದಿ ಸಾಕು. ಲೋಧಿ ಎಸ್ಟೇಟಿನ ಕನ್ನಡ ಶಾಲೆಯಲ್ಲಾಗಲಿ, ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದಲ್ಲಾಗಲಿ ಜುಲೈಯಿಂದ ನವೆಂಬರಿನವರೆಗೆ ನಾಲ್ಕೈದು ಪುಸ್ತಕಗಳನ್ನು ಹೀಗೆ ಓದಿಸುವುದಕ್ಕೆ ದೊಡ್ಡ ಹಣದ ಅಗತ್ಯವಿಲ್ಲ. ಪಟ್ಟಿಯನ್ನು ಹಿರಿಯರೇ ಮಾಡಲಿ, ಅದಕ್ಕೆ ಅಡ್ಡಿಯಿಲ್ಲ. ಗೊಂಕೂರಿನಲ್ಲಿಯೂ ಹಾಗೆಯೇ ನಡೆದಿದೆ. ಆದರೆ ಚರ್ಚೆಯ ಕೊಠಡಿಯಲ್ಲಿ ಅವರು ಕುಳಿತಿರಬಾರದು, ಬಂದ ತೀರ್ಪನ್ನು ತಿದ್ದಬಾರದು. ಹಿರಿಯರಿಗೆ ಮೆಚ್ಚಿಗೆಯಾಗದ ಪುಸ್ತಕವೊಂದು ಗೆದ್ದರೆ ಅದರ ಲೇಖಕನನ್ನೇ ಕರೆಸಿ ಆ ಎಳೆಯರ ಎದುರು ಕೂರಿಸಬೇಕು.