ಬೈಕಿನಲ್ಲಿ ಕೋವಿ ಒಯ್ಯುವಾಗ

ಬೆಳೆ ರಕ್ಷಣೆಯ ಕೋವಿ ಇರುವ ನಮ್ಮಂಥವರಿಗೆ ಚುನಾವಣೆ ಎಂದಾಗ ವೋಟಿಗಿಂತ ಮೊದಲು ನೆನಪಾಗುವುದು ಪೊಲೀಸ್ ಠಾಣೆ. ಕೋವಿ ಕೊಂಡುಹೋಗಿ ಠೇವಣಿ ಇಡಬೇಕು, ಫಲಿತಾಂಶ ಬಂದ ಮೇಲೆ ಹೋಗಿ ತರಬೇಕು. ವಿಧಾನಸಭೆ, ಲೋಕಸಭೆ, ಪಂಚಾಯತು ಅಂತ ಐದು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಈ ಕೆಲಸ ಉಂಟು. 2024ರ ಲೋಕಸಭೆಗೆ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಮತ ಎಣಿಕೆ ಆದದ್ದು ಜೂನ್ 4ಕ್ಕೆ. ನಡುವಿನ ಎರಡೂವರೆ ತಿಂಗಳು ಕೋವಿ ಠಾಣೆಯ ಮೂಲೆಯಲ್ಲಿ, ಮಂಗಗಳು ಕೊಕ್ಕೋ ಮತ್ತು ಬೊಂಡದ ಮೇಲೆ. ಆ ಸಂಕಟವನ್ನು ಬೇರೆಯವರು ಬರೆದಿದ್ದಾರೆ. ನಾನು ಹೇಳಹೊರಟದ್ದು ಅದಲ್ಲ. ಮನೆಯಿಂದ ಠಾಣೆಗೆ ಹೋಗುವ ಆ ಹತ್ತು ಹದಿನೈದು ಮೈಲಿಯ ಬೈಕ್ ಸವಾರಿಯ ವಿಷಯ.

2023ರ ಎಪ್ರಿಲ್ ಮೊದಲ ವಾರ. ನನ್ನದು ಜೋಡುನಳಿಗೆಯ ಕೋವಿ, ಅಪ್ಪನ ಕಾಲದ್ದು. ಯಾವತ್ತಿನಂತೆ ಪಟ್ಟಿ ಹಾಕಿ ಬೆನ್ನಿಗೆ ಅಡ್ಡ ನೇತುಹಾಕಿದೆ, ಬೈಕ್ ಸ್ಟಾರ್ಟ್ ಮಾಡಿದೆ. ಮುಚ್ಚುವುದು, ಸುತ್ತುವುದು ಒಂದೂ ಇಲ್ಲ. ಯಾಕೆ ಮುಚ್ಚಬೇಕು? ಲೈಸೆನ್ಸ್ ಉಂಟು, ಹೋಗುತ್ತಿರುವುದು ಪೊಲೀಸರ ಹತ್ತಿರವೇ. ಕದ್ದು ಒಯ್ಯುವವ ಅಲ್ಲವೇ ಮುಚ್ಚಿಡುವುದು! ನನ್ನ ಲೆಕ್ಕ ಹಾಗಿತ್ತು.

ಪೇಟೆಗೆ ಎರಡು ಮೈಲಿ ಇರುವಾಗ ಬಸ್ ನಿಲ್ದಾಣದ ಎದುರು ವೇಗ ಕಮ್ಮಿ ಮಾಡಿದೆ. ಮಗುವನ್ನು ಹಿಡಿದುಕೊಂಡು ನಿಂತಿದ್ದ ಹೆಂಗಸೊಬ್ಬಳು ನನ್ನನ್ನು ಕಂಡದ್ದೇ ಮಗುವನ್ನು ಎಳೆದು ಅಂಗಡಿಯ ಒಳಗೆ ಹೋದಳು. ಇಬ್ಬರು ಹುಡುಗರು ಮೊಬೈಲ್ ಎತ್ತಿದರು. ನನಗೆ ಅದು ತಲೆಗೆ ಹೋಗಲಿಲ್ಲ. ಚೆಕ್‌ಪೋಸ್ಟಿಗೆ ಬಂದಾಗ ಅಲ್ಲಿ ಆಗಲೇ ಫೋನ್ ಬಂದಿತ್ತು.

"ಏನ್ರೀ ಯಜಮಾನ್ರೇ, ಶಿಕಾರಿಗಾ?" ಎಂದರು ಒಬ್ಬರು. ಘಟ್ಟದ ಮೇಲಿನವರು, ಚುನಾವಣಾ ಕೆಲಸಕ್ಕೆ ಬಂದವರು.

"ಅಲ್ಲ ಸಾರ್, ಠೇವಣಿಗೆ."

"ಲೈಸೆನ್ಸ್ ಕೊಡಿ."

ಲೈಸೆನ್ಸ್ ಪುಸ್ತಕ ಮನೆಯ ಕಪಾಟಿನಲ್ಲಿ! ನಮ್ಮ ಠಾಣೆಯವರಿಗೆ ಗುರುತುಂಟು ಎಂದು ನಾನು ತಂದಿರಲಿಲ್ಲ. ಇವರಿಗೆ ನಾನು ಯಾರೋ, ಅದು ಯಾರ ಕೋವಿಯೋ. ಮಗ ಪುಸ್ತಕ ತರುವವರೆಗೆ ಮೂರು ಗಂಟೆ ಅಲ್ಲೇ ಬೆಂಚಿನಲ್ಲಿ ಕುಳಿತೆ. ಹೋಗುವ ಬರುವವರೆಲ್ಲ ನೋಡಿದರು. ಸಿಟ್ಟು ಬಂದದ್ದು ಹೌದು. ಆದರೆ ಆಮೇಲೆ ಕಾನೂನಿನ ಪುಸ್ತಕ ಸಂಪಾದಿಸಿ ಓದಿದೆ. ತಪ್ಪು ಅವರದ್ದಲ್ಲ, ನನ್ನದೇ.

1959ರ ಆಯುಧ ಕಾಯ್ದೆಯ 19ನೇ ಕಲಮಿನಲ್ಲಿ ಹೀಗುಂಟು: ಕೋವಿ ಹಿಡಿದವನ ಹತ್ತಿರ ಯಾವ ಪೊಲೀಸ್ ಅಧಿಕಾರಿಯೂ ಲೈಸೆನ್ಸ್ ತೋರಿಸು ಎನ್ನಬಹುದು. ತೋರಿಸದಿದ್ದರೆ ಹೆಸರು, ವಿಳಾಸ ಕೇಳಿ ಕೋವಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಮರುಪುಟದ 20ನೇ ಕಲಮು ಇನ್ನೂ ಖಾರ. ಅನುಮಾನ ಬರುವ ರೀತಿಯಲ್ಲಿ ಕೋವಿ ಒಯ್ಯುತ್ತಿದ್ದರೆ, ಲೈಸೆನ್ಸ್ ಇದ್ದರೂ ಸರಿ ಇಲ್ಲದಿದ್ದರೂ ಸರಿ, ವಾರಂಟ್ ಇಲ್ಲದೆ ಹಿಡಿಯಬಹುದು. ನನ್ನನ್ನು ಬೆಂಚಿನಲ್ಲಿ ಕೂರಿಸಿ ಚಹಾ ಕೊಟ್ಟದ್ದು ಅವರ ದೊಡ್ಡ ಮನಸ್ಸು ಅಂತ ಆಗ ಗೊತ್ತಾಯಿತು.

ಮುಚ್ಚುವ ವಿಷಯವಂತೂ ನೇರವಾಗಿಯೇ ಬರೆದುಂಟು. 1962ರ ಹಳೆಯ ನಿಯಮಗಳ ಬದಲಿಗೆ 2016ರಲ್ಲಿ ಹೊಸ ಆಯುಧ ನಿಯಮಗಳು ಬಂದವು. ಅದರ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಉದ್ದದ ಕೋವಿಯನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ ಒಯ್ಯಬೇಕು. ಕೋವಿ ಪೂರ್ತಿ ಮುಚ್ಚಿರಬೇಕು. ಅದು ಒಯ್ಯುವವನ ಹತೋಟಿಯಲ್ಲೇ ಇರಬೇಕು. ತೆರೆದು ಝಳಪಿಸುವುದಂತೂ ಕೂಡದೇ ಕೂಡದು. ಅಂದರೆ ನಾನು ಪ್ರಾಮಾಣಿಕತೆ ಎಂದುಕೊಂಡದ್ದೇ ಕಾನೂನಿನ ಕಣ್ಣಿಗೆ ಉಲ್ಲಂಘನೆ. ಲೈಸೆನ್ಸಿಗೇ ಕುತ್ತು ಬರುವ ಸಂಗತಿ ಇದು. ಅದು ಹೋದರೆ ತೋಟದಲ್ಲಿ ಹಂದಿಗೆ ಹೆದರಿಸಲು ಇರುವ ಒಂದು ಸದ್ದೂ ಹೋಯಿತು. ಹೊಸದಾಗಿ ಸಿಗುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

ಅಪ್ಪ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಶಾಲೆಯ ಎದುರಿನ ದಾರಿಯಲ್ಲೇ ನಡೆದುಹೋಗುತ್ತಿದ್ದರು. ಮಾಸ್ಟ್ರು ಜಗಲಿಯಿಂದಲೇ "ಹಂದಿ ಬಂತಾ?" ಎಂದು ಕೇಳುತ್ತಿದ್ದರು. ಆ ದಾರಿಯಲ್ಲಿ ಎಲ್ಲರಿಗೂ ಎಲ್ಲರ ಗುರುತಿತ್ತು. ಈಗ ರಸ್ತೆಯಲ್ಲಿ ಹೋಗುವ ಹತ್ತರಲ್ಲಿ ಎಂಟು ಮಂದಿಗೆ ನಾನು ಯಾರೆಂದು ಗೊತ್ತಿಲ್ಲ, ಹೆಲ್ಮೆಟ್ ಹಾಕಿದ ಮೇಲೆ ನೆರೆಮನೆಯವರಿಗೂ ಗೊತ್ತಾಗದು. ಮುಖ ಕಾಣದ ಒಬ್ಬ, ಬೆನ್ನಲ್ಲಿ ಕೋವಿ. ಆ ಹೆಂಗಸು ಮಗುವನ್ನು ಒಳಗೆ ಎಳೆದುಕೊಂಡದ್ದು ಸರಿ ಅಂತ ಈಗ ಅನಿಸುತ್ತದೆ.

ಅಮೆರಿಕದಲ್ಲಿರುವ ನಮ್ಮ ಭಾವನ ಮಗ ಇದನ್ನು ಕೇಳಿ ನಕ್ಕ. ಅವನಿರುವ ಟೆಕ್ಸಾಸ್ ರಾಜ್ಯದಲ್ಲಿ ಪಿಸ್ತೂಲನ್ನು ಸೊಂಟದ ಚೀಲದಲ್ಲಿ ಕಾಣುವಂತೆ ಇಟ್ಟುಕೊಂಡು ಬೈಕಿನಲ್ಲಿ ಹೋಗುವುದಕ್ಕೆ ಅಡ್ಡಿಯಿಲ್ಲವಂತೆ. 2021ರಿಂದ ಅದಕ್ಕೆ ಬೇರೆ ಪರವಾನಗಿಯೂ ಬೇಡ. ಇರಲಿ, ಅದು ಅಲ್ಲಿಯ ಪದ್ಧತಿ. ಇಲ್ಲಿ ಪಕ್ಕದ ಕೊಡಗಿನದ್ದೂ ಬೇರೆಯೇ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಸಂಪಾಜೆ ದಾಟಿದರೆ ಕೊಡಗು, ಅಲ್ಲಿ ಹೀಗಂತೆ ಹಾಗಂತೆ ಎಂದು ನಮ್ಮವರು ಹೇಳುವುದುಂಟು. ಆ ವಿನಾಯಿತಿ ನಮಗಲ್ಲ. ಅಷ್ಟೇ ಅಲ್ಲ, ನಿಮ್ಮ ಲೈಸೆನ್ಸಿನಲ್ಲಿ ವ್ಯಾಪ್ತಿ ಎಷ್ಟೆಂದು ಬರೆದಿರುತ್ತದೆ, ಒಮ್ಮೆ ತೆರೆದು ನೋಡಿ. ಅದನ್ನು ದಾಟಿ ಭಾವನ ತೋಟದ ಹಂದಿ ಓಡಿಸಲು ಕೋವಿ ಒಯ್ದರೆ ಅದೂ ತಪ್ಪೇ.

ಕಾನೂನಿನ ಮಾತು ಸಾಕು. ಬೈಕಿನಲ್ಲಿ ಕೋವಿಯನ್ನು ಬೆನ್ನಿಗೆ ಅಡ್ಡ ಹಾಕುವುದು ಎಷ್ಟು ಅಪಾಯ ಎಂದು ಅದೇ ವರ್ಷ ಮೇ ತಿಂಗಳಲ್ಲಿ ಕಲಿತೆ. ಫಲಿತಾಂಶ ಬಂದದ್ದು 13ಕ್ಕೆ, ನಾನು ಕೋವಿ ಬಿಡಿಸಿಕೊಂಡದ್ದು ಅದರ ಮರುವಾರ. ಈ ಸಲ ಗೋಣಿಯಲ್ಲಿ ಸುತ್ತಿದ್ದೆ, ಲೈಸೆನ್ಸ್ ಜೇಬಿನಲ್ಲಿತ್ತು. ಆದರೆ ಹಾಕಿಕೊಂಡದ್ದು ಮಾತ್ರ ಅಡ್ಡವೇ. ಒಂದು ಮಳೆ ಬಂದು ಬಿಟ್ಟಿತ್ತು. ಮೋರಿಯ ಹತ್ತಿರ ಎದುರಿನಿಂದ ಸೊಪ್ಪು ಹೇರಿದ ಪಿಕಪ್ ಬಂತು. ನನ್ನ ಮೈ ತಪ್ಪಿಸಿಕೊಂಡಿತು, ಕೋವಿ ತಪ್ಪಿಸಿಕೊಳ್ಳಲಿಲ್ಲ. ಬಲಬದಿಗೆ ಒಂದೂವರೆ ಅಡಿ ಚಾಚಿದ್ದ ತುದಿ ಪಿಕಪ್ಪಿನ ಹಗ್ಗಕ್ಕೆ ಸಿಕ್ಕಿ ನನ್ನನ್ನು ಗಿರ್ರನೆ ತಿರುಗಿಸಿ ಚರಂಡಿಗೆ ಹಾಕಿತು. ಮೊಣಕೈ ತರಚಿತು. ಕೋವಿಯ ಮರದ ಹಿಡಿ ಕುತ್ತಿಗೆಯ ಹತ್ತಿರ ಬಿರುಕು ಬಿಟ್ಟಿತು. ನಳಿಗೆ ಖಾಲಿ ಇತ್ತು. ಇಲ್ಲದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಿತ್ತು.

ಖಾಲಿ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೇಫ್ಟಿ ಹಾಕಿದ್ದೇನೆ, ಇನ್ನೇನು ಹೆದರಿಕೆ ಅನ್ನುವವರು ಇದ್ದಾರೆ. ಹೆಚ್ಚಿನ ಜೋಡುನಳಿಗೆ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಹ್ಯಾಮರು ಎಳೆದೇ ಇರುತ್ತದೆ. ಹಳೆಯ ಕೋವಿ, ಸವೆದ ಹಲ್ಲು, ಗುಂಡಿಯಲ್ಲಿ ಬೈಕ್ ಕುಕ್ಕಿದರೆ ಹಲ್ಲು ಜಾರಬಹುದು. ಕೇಪಿನ ಕೋವಿಯದ್ದು ಇನ್ನೂ ಮೋಸ. ಮದ್ದು ತುಂಬಿ, ಕೇಪು ಇಟ್ಟು, ಹ್ಯಾಮರನ್ನು ಮೆಲ್ಲ ಕೇಪಿನ ಮೇಲೆ ಇಳಿಸಿದರೆ ಭದ್ರ ಎಂದು ಕೆಲವರ ನಂಬಿಕೆ. ಆ ಹ್ಯಾಮರಿನ ಬೆನ್ನಿಗೆ ಕಲ್ಲೋ, ಸೀಟಿನ ಕಬ್ಬಿಣವೋ ಒಂದು ಪೆಟ್ಟು ಕೊಟ್ಟರೆ ಸಾಕು, ಈಡು ಹಾರುತ್ತದೆ. ಕೇಪು ತೆಗೆದರೆ ಸಾಲದು, ಮದ್ದೂ ಇರಬಾರದು. ಹಿಂದಿನ ರಾತ್ರಿ ತುಂಬಿದ್ದಿದ್ದರೆ ಹೊರಡುವ ಮೊದಲು ತೋಟದಲ್ಲೇ ಮಣ್ಣಿನ ದರೆಗೆ ಹಾರಿಸಿ ಖಾಲಿ ಮಾಡಿ. ಮತ್ತೆ ಸರಳು ಇಳಿಸಿ ತಳ ಮುಟ್ಟುತ್ತದಾ ನೋಡಿ. ಠಾಣೆಯವರು ಕೋವಿ ಎತ್ತಿ ಮೂಲೆಗೆ ಇಡುವಾಗ ನಳಿಗೆ ಯಾರ ಕಡೆ ತಿರುಗಿರುತ್ತದೋ ಹೇಳಲಾಗದು.

ಈಗ ನಾನು ಮಾಡುವುದು ಹೀಗೆ. ಜೋಡುನಳಿಗೆಯನ್ನು ಮೂರು ತುಂಡು ಮಾಡುತ್ತೇನೆ: ನಳಿಗೆ, ಅದರ ಕೆಳಗಿನ ಮರದ ತುಂಡು, ಹಿಡಿ. ಮೂವತ್ತು ಇಂಚಿನ ನಳಿಗೆಯೇ ಎಲ್ಲಕ್ಕಿಂತ ಉದ್ದ. ಮೂವತ್ತೆರಡು ಇಂಚಿನ ಚೀಲ ಸಾಕು. ಟಾರ್ಪಾಲು ಹೊಲಿಯುವವರ ಹತ್ತಿರ ದಪ್ಪ ಕ್ಯಾನ್ವಾಸಿನಲ್ಲಿ ಹೊಲಿಸಿದೆ. ಒಳಗೆ ಹಳೆಯ ಹಾಸಿಗೆಯ ಸ್ಪಂಜು, ನಡುವೆ ಒಂದು ಪದರ, ಕಬ್ಬಿಣ ಕಬ್ಬಿಣಕ್ಕೆ ತಾಗದ ಹಾಗೆ. ಬಾಯಿಗೆ ಜಿಪ್ಪು, ಮೇಲೆ ಮಳೆಗೆ ಒಂದು ಮಡಿಕೆ. ಎರಡು ಪಟ್ಟಿ ಇಡಿಸಿದ್ದೇನೆ, ಶಾಲೆ ಮಕ್ಕಳ ಚೀಲದಂತೆ. ಬೆನ್ನಿಗೆ ನೆಟ್ಟಗೆ ಕೂರುತ್ತದೆ, ಎರಡೂ ಬದಿಗೆ ಚಾಚುವುದಿಲ್ಲ, ತಲೆಗಿಂತ ಮೇಲೂ ಬರುವುದಿಲ್ಲ. ನೋಡಿದವರಿಗೆ ಒಂದು ಚೀಲ ಅಷ್ಟೆ. ಬೈಕಿನ ಬದಿಗೆ ಕಟ್ಟುವವರು ಇದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಸೈಲೆನ್ಸರಿನ ಬಿಸಿ ಒಂದು, ಕುಲುಕಾಟ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ ಹೋಟೆಲಿನ ಎದುರು ಬೈಕ್ ನಿಲ್ಲಿಸಿ ಚಹಾಕ್ಕೆ ಹೋದರೆ ಕೋವಿ ರಸ್ತೆಯಲ್ಲಿ. ಹತೋಟಿ ಎಂದರೆ ಅದಲ್ಲ. ಬೆನ್ನಲ್ಲಿದ್ದರೆ ಚಹಾಕ್ಕೂ ಅದು ಜೊತೆಗೇ ಬರುತ್ತದೆ. ಕಾಟ್ರಿಜ್ ಇದ್ದರೆ ಬೇರೆ ಚೀಲದಲ್ಲಿ. ಲೈಸೆನ್ಸಿನ ಮೂಲಪ್ರತಿ ಅಂಗಿಯ ಜೇಬಿನಲ್ಲಿ, ಪ್ಲಾಸ್ಟಿಕ್ಕಿನ ಒಳಗೆ.

ಕೇಪಿನ ಕೋವಿಯನ್ನು ಹೀಗೆ ತುಂಡು ಮಾಡಲು ಆಗುವುದಿಲ್ಲ. ನಮ್ಮ ನೆರೆಮನೆಯ ಹಿರಿಯರದ್ದು ನೆಟ್ಟಗೆ ನಿಲ್ಲಿಸಿದರೆ ಅವರ ಗಲ್ಲಕ್ಕೆ ಬರುತ್ತದೆ. ಅಷ್ಟುದ್ದದ್ದನ್ನು ಬೈಕಿನಲ್ಲಿ ಒಯ್ಯಲೇಬೇಡಿ ಎಂದೇ ನನ್ನ ಅಭಿಪ್ರಾಯ. 2024ರಲ್ಲಿ ನಾವು ನಾಲ್ಕು ಮನೆಯವರು ಒಂದು ಜೀಪು ಮಾಡಿದೆವು, ಖರ್ಚು ಹಂಚಿಕೊಂಡೆವು, ಒಬ್ಬೊಬ್ಬರ ಕೋವಿ ಒಬ್ಬೊಬ್ಬರ ಕಾಲ ನಡುವೆ. "ನನಗೆ ಕೂಡುವುದಿಲ್ಲ ಅಣ್ಣ, ನನ್ನದನ್ನೂ ನೀನೇ ಒಯ್ದು ಕೊಡು" ಎಂದರು ಹಿರಿಯರೊಬ್ಬರು. ಒಪ್ಪಲಿಲ್ಲ. ಲೈಸೆನ್ಸ್ ಇಲ್ಲದ ಇನ್ನೊಬ್ಬ ಕೋವಿ ಒಯ್ಯಬೇಕಾದರೆ ಲೈಸೆನ್ಸುದಾರ ಜೊತೆಗಿರಬೇಕು, ಅಥವಾ ಬರೆದುಕೊಟ್ಟಿರಬೇಕು. ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲವೇ ಲೈಸೆನ್ಸುದಾರನ ಬಳಕೆಗೆ ಎಂದು ಕಾಯ್ದೆಯ 3ನೇ ಕಲಮಿನಲ್ಲಿ ಉಂಟು. ಠೇವಣಿ ಎಂಬ ಶಬ್ದ ಅಲ್ಲಿಲ್ಲ. ನನ್ನ ಹತ್ತಿರ ಇರುವುದು ನನ್ನ ಕೋವಿಯ ಲೈಸೆನ್ಸ್, ಅವರ ಕೋವಿಯದ್ದಲ್ಲ. ಅವರನ್ನೂ ಮೆಲ್ಲ ಜೀಪಿಗೆ ಹತ್ತಿಸಿದೆವು. ಬೈಕೇ ಗತಿ ಎಂದಾದರೆ ಮಗ ಬಿಡಲಿ, ಕೋವಿ ಹಿಡಿದು ಹಿಂದಿನ ಸೀಟಿನಲ್ಲಿ ಅಪ್ಪನೇ ಕೂರಲಿ.

ದಾರಿಯನ್ನೂ ನೋಡಿಕೊಳ್ಳಬೇಕು. ನೀತಿಸಂಹಿತೆ ಬಂದ ಮೇಲೆ ಆಯುಧ ಹಿಡಿದು ಓಡಾಡಬಾರದೆಂದು ಜಿಲ್ಲಾಧಿಕಾರಿಗಳು ಆದೇಶ ಮಾಡುತ್ತಾರೆ. ಆದ್ದರಿಂದ ಠಾಣೆಗೆ ಮೊದಲೇ ಫೋನ್ ಮಾಡಿ, ಇಂಥ ದಿನ ಬರುತ್ತೇನೆ ಎಂದು ಹೇಳಿ, ಹಗಲಿನಲ್ಲೇ ನೇರ ಹೋಗಿ ಬನ್ನಿ. ನಡುವೆ ಜಾತ್ರೆ, ನೇಮ, ಶಾಲೆಯ ಮೀಟಿಂಗು ಎಂದು ಇಳಿಯಬೇಡಿ. ಜಾತ್ರೆ, ಮೆರವಣಿಗೆ, ಜನ ಸೇರುವಲ್ಲಿಗೆ, ಶಾಲೆಯ ಆವರಣಕ್ಕೆ ಕೋವಿ ಒಯ್ಯಬಾರದೆಂದು ಲೈಸೆನ್ಸಿನ ಷರತ್ತಿನಲ್ಲೇ ಉಂಟು. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಒಳಗಿನ ರಸ್ತೆ ಹಿಡಿಯುವವರು ಇನ್ನೂ ಎಚ್ಚರ ಇರಬೇಕು. ಸೋಮೇಶ್ವರದಿಂದ ಆಗುಂಬೆ ಘಾಟಿ, ಕುದುರೆಮುಖದ ದಾರಿ, ಇಂಥವು. 1972ರ ವನ್ಯಜೀವಿ ಕಾಯ್ದೆಯ 31ನೇ ಕಲಮಿನಂತೆ ಮೊದಲೇ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಡಾಮರು ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದೆ ಎಂದು ಗೇಟಿನಲ್ಲಿ ವಾದ ಮಾಡಿ ಗೆಲ್ಲುವ ಧೈರ್ಯ ನನಗಿಲ್ಲ. ಸುತ್ತಾದರೂ ಬೇರೆ ದಾರಿ ಹಿಡಿಯಿರಿ.

ಇನ್ನೊಂದು ವಿಷಯ. ಚುನಾವಣೆ ಬಂದ ಕೂಡಲೇ ಎಲ್ಲರೂ ಇಡಲೇಬೇಕೆಂದು ಚುನಾವಣಾ ಆಯೋಗ ಹೇಳಿದ್ದಲ್ಲ. ಯಾರ ಕೋವಿ ಇಡಿಸಬೇಕು ಎಂದು ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಇರುವ ಸಮಿತಿ ಪರಿಶೀಲಿಸಬೇಕು. ಪ್ರಾಣಿಗಳ ಕಾಟ ಇರುವವರು ಆ ಸಮಿತಿಗೆ ವಿನಾಯಿತಿ ಕೇಳಿ ಅರ್ಜಿ ಕೊಡಬಹುದು. ಸಿಕ್ಕಿದರೆ ಈ ಬೈಕ್ ಸವಾರಿಯೇ ಬೇಡ. ಅರ್ಜಿಗೆ ಹಿಂಬರಹ ಸಿಗುವವರೆಗೆ ಮಾತ್ರ ಠೇವಣಿಯ ಆದೇಶವನ್ನು ಮೀರಬೇಡಿ.

ಠಾಣೆಯಲ್ಲಿ ಇಡುವ ಮೊದಲು ನಳಿಗೆಯ ಒಳಗೂ ಹೊರಗೂ ಹೊಲಿಗೆ ಯಂತ್ರದ ಎಣ್ಣೆ ಸವರಿ. ತೆಂಗಿನೆಣ್ಣೆ ಬೇಡ, ಎರಡು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ರಶೀದಿಯಲ್ಲಿ ಕೋವಿಯ ನಂಬರು ಸರಿ ಉಂಟಾ ನೋಡಿ. ಮಳೆಗೆ ಒದ್ದೆಯಾಗಿ ಮನೆಗೆ ಬಂದರೆ ಅದೇ ಗಳಿಗೆ ಚೀಲದಿಂದ ಹೊರಗೆ ತೆಗೆಯಿರಿ. ಒದ್ದೆ ಸ್ಪಂಜಿನಲ್ಲಿ ಒಂದು ರಾತ್ರಿ ಇದ್ದರೆ ಬೆಳಿಗ್ಗೆ ಕೆಂಪು ತುಕ್ಕು.

ನನ್ನ ಚೀಲ ನೋಡಿ ನಮ್ಮೂರಿನಲ್ಲಿ ಆರು ಮಂದಿ ಹೊಲಿಸಿದ್ದಾರೆ. ಹೊಲಿಯುವವರು ಒಂದು ಮಾತು ಹೇಳಲು ಹೇಳಿದ್ದಾರೆ: ಅಳತೆ ಕೊಡಲು ದಯಮಾಡಿ ಕೋವಿಯನ್ನೇ ಅಂಗಡಿಗೆ ತರಬೇಡಿ, ಗಿರಾಕಿಗಳು ಓಡಿಹೋಗುತ್ತಾರೆ. ಅಡಿಕೆ ಸಲಾಕೆಯ ಒಂದು ತುಂಡನ್ನು ನಳಿಗೆಯ ಉದ್ದಕ್ಕೆ ಕಡಿದು ತಂದರೆ ಸಾಕಂತೆ.