ನಿಮಗಿದು ಗೊತ್ತೆ? ಗಣಿಯಲ್ಲಿ ದುಡಿದ ಮುತ್ತಜ್ಜನ ಜಾಡು

ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ದುಡಿದ ಬಡವರ ಬದುಕನ್ನೂ ಹಳೆಯ ದಾಖಲೆಗಳಿಂದ ಹೆಕ್ಕಿ ತೆಗೆಯಬಹುದು.

● 1606ರ ಕಾಯ್ದೆ ಗಣಿ ಕಾರ್ಮಿಕರನ್ನು ಒಡೆಯನಿಗೆ ಕಟ್ಟಿಹಾಕಿತ್ತು. ಅವನ ಒಪ್ಪಿಗೆಯಿಲ್ಲದೆ ಬೇರೆ ಕಡೆ ಕೆಲಸಕ್ಕೆ ಸೇರುವಂತಿರಲಿಲ್ಲ. ಪೂರ್ಣ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಆ ಕಾಲದ ಕಾರ್ಮಿಕರ ಹೆಸರುಗಳು ಜಮೀನ್ದಾರರ ಕಾಗದಪತ್ರಗಳಲ್ಲಿ ಸಿಗುತ್ತವೆ.

● 1842ರ ವಿಚಾರಣಾ ಆಯೋಗದ ವರದಿಯಲ್ಲಿ, ಬೆನ್ನ ಮೇಲೆ ಕಲ್ಲಿದ್ದಲು ಹೊರುತ್ತಿದ್ದ ಹೆಣ್ಣುಮಕ್ಕಳ ಹೇಳಿಕೆಗಳು ಹೆಸರು, ವಯಸ್ಸಿನ ಸಮೇತ ಅಚ್ಚಾಗಿವೆ. ಮಹಿಳೆಯರು ಮತ್ತು 10 ವರ್ಷದೊಳಗಿನ ಹುಡುಗರು ಗಣಿಗೆ ಇಳಿಯುವುದನ್ನು ಅದೇ ವರ್ಷದ ಕಾಯ್ದೆ ನಿಷೇಧಿಸಿತು.

● ಜನನ, ಮರಣ, ಮದುವೆಗಳ ಕಡ್ಡಾಯ ನೋಂದಣಿ 1855ರಲ್ಲಿ ಶುರುವಾಯಿತು. ಮರಣ ದಾಖಲೆಯಲ್ಲಿ ತಂದೆಯ ಕಸುಬಿನ ಜೊತೆಗೆ ತಾಯಿಯ ತವರಿನ ಅಡ್ಡಹೆಸರೂ ಇರುವುದರಿಂದ ಹಿಂದಿನ ತಲೆಮಾರಿನ ಸುಳಿವು ಸಿಗುತ್ತದೆ.

● 1851ರಿಂದ ಜನಗಣತಿಯಲ್ಲಿ ಹುಟ್ಟೂರಿನ ವಿವರವೂ ಸೇರಿತು. ಒಂದೇ ಮನೆಯ ಮಕ್ಕಳ ಹುಟ್ಟೂರುಗಳು ಬೇರೆಬೇರೆಯಾಗಿದ್ದರೆ, ಕುಟುಂಬ ಕೆಲಸ ಅರಸಿ ಗಣಿಯಿಂದ ಗಣಿಗೆ ಅಲೆದ ದಾರಿ ತಿಳಿಯುತ್ತದೆ.

● 1877ರ ಅಕ್ಟೋಬರ್ 22ರಂದು ಬ್ಲಾಂಟೈರ್ ಗಣಿಯ ಸ್ಫೋಟ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಇಂಥ ದುರಂತಗಳಲ್ಲಿ ಮಡಿದವರ ವಿವರಗಳನ್ನು ಗಣಿ ತಪಾಸಣಾಧಿಕಾರಿಗಳ ವರದಿಗಳಲ್ಲಿ ಹುಡುಕಬಹುದು.