ಹುಲ್ಲು ಹೊಡೆಯುವ ಮಿಷನ್ ಯಾಕೆ ಸ್ಟಾರ್ಟ್ ಆಗುವುದಿಲ್ಲ?

ಈಗ ನಮ್ಮ ಊರಿನ ಅಡಿಕೆ ತೋಟಗಳಲ್ಲಿ ಕತ್ತಿ ಹಿಡಿದು ಹುಲ್ಲು ಕೊಯ್ಯುವವರು ಕಡಿಮೆ. ಹೆಗಲಿಗೆ ನೇತುಹಾಕಿಕೊಳ್ಳುವ ಪೆಟ್ರೋಲ್ ಮಿಷನ್ ಬಂದಿದೆ. ನಮ್ಮ ಮಾವ ಅದನ್ನು ಹೊತ್ತುಕೊಂಡು ಬೇರೆಯವರ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಮಿಷನ್ ಕೈಕೊಟ್ಟರೆ ಅವತ್ತಿನ ಕೂಲಿ ಖೋತಾ, ಮೇಲಿಂದ ಪೇಟೆಗೆ ಹೋಗಿಬರುವ ಬಸ್ ಚಾರ್ಜು ಬೇರೆ. ರಜೆಯಲ್ಲಿ ಅವರ ಪಕ್ಕ ಕೂತು ನಾನು ನೋಡಿ ತಿಳಿದದ್ದನ್ನು ಬರೆಯುತ್ತೇನೆ.

ಬೆಂಕಿ ಉರಿಯಲು ಇಂಧನ, ಗಾಳಿ, ಶಾಖ ಮೂರೂ ಬೇಕು ಎಂದು ವಿಜ್ಞಾನದಲ್ಲಿ ಓದಿದ್ದೇವಲ್ಲ, ಇಂಜಿನ್ನಿಗೂ ಅದೇ. ಪೆಟ್ರೋಲ್, ಗಾಳಿ, ಪ್ಲಗ್ಗಿನ ಕಿಡಿ. ಮೂರರಲ್ಲಿ ಯಾವುದು ಇಲ್ಲ ಎಂದು ಹುಡುಕುವುದೇ ರಿಪೇರಿ. ಸುಮ್ಮನೆ ಹಗ್ಗ ಎಳೀತಾ ಇದ್ದರೆ ಭುಜ ನೋಯುತ್ತದೆ ಅಷ್ಟೇ.

ಮೊದಲು ಸ್ವಿಚ್ ನೋಡಿ. ನಗಬೇಡಿ, ಎಷ್ಟೋ ಸಲ ಅದೇ ಆಫ್ ಆಗಿರುತ್ತದೆ.

ಆಮೇಲೆ ಪೆಟ್ರೋಲ್. ಬೇಸಿಗೆಯಿಡೀ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲ್ ಹಳಸುತ್ತದೆ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ನಮ್ಮ ದೇಶದಲ್ಲಿ 2022ರಲ್ಲಿ ಶೇ. 10 ಇದ್ದದ್ದು 2025ರಲ್ಲಿ ಶೇ. 20 ಆಯಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಪೈಪಿನ ತುದಿ ಇರುವುದೂ ತಳದಲ್ಲೇ! ಆದ್ದರಿಂದ ಮಾವ ಹಳೆಯದನ್ನು ಗಾಜಿನ ಬಾಟಲಿಗೆ ಸುರಿದು ನೋಡುತ್ತಾರೆ. ಎರಡು ಪದರ ಕಂಡರೆ ಅದು ಕೆಲಸಕ್ಕೆ ಬಾರದು.

ಟೂ ಸ್ಟ್ರೋಕ್ ಮಿಷನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಕೆಲವಕ್ಕೆ ಲೀಟರಿಗೆ 20 ಮಿ.ಲೀ., ಕೆಲವಕ್ಕೆ 40. ಮಿಷನ್ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಮಸಿ ಹಿಡಿಯುತ್ತದೆ. ಫೋರ್ ಸ್ಟ್ರೋಕಿಗೆ ಸಾಮಾನ್ಯವಾಗಿ ಬೆರೆಸಬಾರದು, ಅದಕ್ಕೆ ಆಯಿಲ್ ಬೇರೆ ಕಡೆ ಹಾಕುತ್ತಾರೆ.

ಇನ್ನು ಪ್ಲಗ್. ಡಾಕ್ಟರು ನಾಲಿಗೆ ನೋಡುವ ಹಾಗೆ ಮಾವ ಪ್ಲಗ್ ನೋಡುತ್ತಾರೆ. ಹತ್ತು ಹದಿನೈದು ಸಲ ಹಗ್ಗ ಎಳೆದು ಬಿಚ್ಚಿದಾಗ ಅದು ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ. ಪೈಪಿನ ತುದಿಯ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಟ್ಯಾಂಕಿನ ಮುಚ್ಚಳದ ಗಾಳಿ ತೂತಿಗೆ ಮಣ್ಣು ಮೆತ್ತಿರಬಹುದು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ. ಚೋಕ್ ಹಾಕಿಕೊಂಡೇ ಎಳೆದರೆ ಹೀಗಾಗುತ್ತದೆ. ತಣ್ಣಗಿದ್ದಾಗ ಚೋಕ್ ಬೇಕು, ಆದರೆ ಇಂಜಿನ್ ಒಮ್ಮೆ ಕೆಮ್ಮಿದ ಕೂಡಲೇ ತೆಗೆಯಬೇಕು. ಒದ್ದೆ ಪ್ಲಗ್ಗನ್ನು ಒರೆಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಹಾಕದೆ ನಾಲ್ಕೈದು ಸಲ ಎಳೆದರೆ ಒಳಗಿನ ಪೆಟ್ರೋಲ್ ಹೊರಬರುತ್ತದೆ. ಮಸಿಯನ್ನು ಬ್ರಷ್ಷಿನಿಂದ ಉಜ್ಜಬೇಕು. ಪ್ಲಗ್ಗಿನ ತುದಿಯಲ್ಲಿ ಸುಮಾರು 0.6ರಿಂದ 0.7 ಮಿ.ಮೀ. ಸಂದು ಇರಬೇಕು.

ಚೆಲ್ಲಿದ ಪೆಟ್ರೋಲ್ ಪೂರ್ತಿ ಆರಿದ ಮೇಲೆ ಕಿಡಿ ಪರೀಕ್ಷೆ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿ, ಸ್ವಿಚ್ ಆನ್ ಮಾಡಿ ಹಗ್ಗ ಎಳೆದರೆ ನೀಲಿ ಕಿಡಿ ಹಾರಬೇಕು. ಪ್ಲಗ್ಗಿನ ತೂತಿನಿಂದ ದೂರ ಹಿಡಿಯಬೇಕು, ಬರಿಗೈಯಲ್ಲಿ ಹಿಡಿದರೆ ಶಾಕ್ ಹೊಡೆಯುತ್ತದೆ. ಇದು ದೊಡ್ಡವರ ಕೆಲಸ, ನಾವು ನೋಡಿದರೆ ಸಾಕು. ಬ್ಲೇಡಿನ ಹತ್ತಿರ ಕೈ ಹಾಕುವ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತಿರಲೇಬೇಕು.

ಗಾಳಿಯದ್ದು ಸುಲಭ. ಏರ್ ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿದರಾಯಿತು.

ಇಷ್ಟಾದರೂ ಏಳದಿದ್ದರೆ ಕಾರ್ಬುರೇಟರ್ ಒಳಗಿನ ತೆಳು ಹಾಳೆ ಗಟ್ಟಿಯಾಗಿರಬಹುದು. ಅದನ್ನು ಮಾತ್ರ ಮಾವ ಬಿಚ್ಚುವುದಿಲ್ಲ, ಪೇಟೆಯ ಮೆಕ್ಯಾನಿಕ್ ಹತ್ತಿರವೇ ಒಯ್ಯುತ್ತಾರೆ.